ಪ್ರಕಟಣೆಯೋ, ಪಟ್ಟಾಂಗವೋ? ಕಡಲಿಗಿಳಿಯುವವರ ಸುದ್ದಿ

ಮಂಗಳೂರಿನ ಹಳೆ ಬಂದರಿನಿಂದ ಬೆಂಗ್ರೆಗೆ ಹೋಗಲು ಎರಡು ದಾರಿಗಳಿವೆ. ಫೆರಿ ದೋಣಿ ಹತ್ತಿ ಗುರುಪುರ ಹೊಳೆಯನ್ನು ಕೆಲವೇ ನಿಮಿಷಗಳಲ್ಲಿ ದಾಟಬಹುದು. ಇಲ್ಲವೇ ಕೂಳೂರು ಸೇತುವೆ, ತಣ್ಣೀರುಬಾವಿಗಳನ್ನು ಸುತ್ತಿ ರಸ್ತೆಯಲ್ಲಿ ಬರಬಹುದು. ಪಶ್ಚಿಮಕ್ಕೆ ಅರಬ್ಬಿ ಕಡಲು, ಪೂರ್ವಕ್ಕೆ ಹೊಳೆ, ದಕ್ಷಿಣದ ತುದಿಯಲ್ಲಿ ನೇತ್ರಾವತಿ ಮತ್ತು ಗುರುಪುರ ಹೊಳೆಗಳು ಕೂಡಿ ಕಡಲು ಸೇರುವ ಅಳಿವೆ. ಇವುಗಳ ನಡುವೆ ಉದ್ದಕ್ಕೆ ಚಾಚಿಕೊಂಡ ಮರಳ ಪಟ್ಟಿಯೇ ಬೆಂಗ್ರೆ. ತೋಟ ಬೆಂಗ್ರೆ, ಕಸಬಾ ಬೆಂಗ್ರೆ ಎಂಬ ಎರಡು ಭಾಗಗಳ ಮೊಗವೀರರಿಗೂ ಬ್ಯಾರಿಗಳಿಗೂ ಬದುಕು ಕೊಟ್ಟದ್ದು ಮುಖ್ಯವಾಗಿ ಕಡಲೇ.

ಊರಿಗೆ ದಾರಿ ಎರಡಿರುವಂತೆ, ಇಲ್ಲಿನವರಿಗೆ ಕಡಲಿನ ಸುದ್ದಿ ಬರುವ ದಾರಿಗಳೂ ಎರಡು. ಒಂದು, ಮೇಲಿನಿಂದ ಬರುವ ಪ್ರಕಟಣೆ. ಹವಾಮಾನ ಇಲಾಖೆಯ ಎಚ್ಚರಿಕೆ, ಹೈದರಾಬಾದಿನಿಂದ ಬರುವ ಮೀನಿನ ಮುನ್ಸೂಚನೆ, ಬಂದರು ಕಚೇರಿಯ ಸೂಚನೆ ಇವೆಲ್ಲ ಈ ಬಗೆಯವು. ಯಾರೋ ಒಬ್ಬರು ಕುಳಿತು, ಬೇಕಾದ್ದನ್ನು ಆರಿಸಿ, ಬೇಡದ್ದನ್ನು ಬಿಟ್ಟು, ತಿದ್ದಿ ಕಳುಹಿಸಿದ ಮಾತು ಇದು. ಇನ್ನೊಂದು, ಬೋಟಿನಿಂದ ಬೋಟಿಗೆ ವಯರ್‌ಲೆಸ್ ಸೆಟ್ಟಿನಲ್ಲಿ, ದಡದಿಂದ ದೋಣಿಗೆ ಮೊಬೈಲಿನಲ್ಲಿ, ದಕ್ಕೆಯಲ್ಲಿ ಬಲೆ ಹೆಣೆಯುತ್ತ ಬಾಯಿಯಿಂದ ಬಾಯಿಗೆ ಹರಿಯುವ ಮಾತು. ಕೇಳಿದವನೇ ಹೇಳುವವನೂ ಆಗುವ ಈ ಬಗೆಗೆ ನಮ್ಮ ಕರಾವಳಿಯ ಪಟ್ಟಾಂಗ ಎಂಬ ಮಾತು ಚೆನ್ನಾಗಿ ಒಪ್ಪುತ್ತದೆ.

ಒಂದೇ ಕಸುಬಿನವರು ತಮ್ಮೊಳಗೆ ಸುದ್ದಿ ಹಂಚಿಕೊಳ್ಳಬೇಕಾದಾಗ ಇವೆರಡರಲ್ಲಿ ಯಾವುದು ಮೇಲು? ಅಡಿಕೆ ಬೆಳೆಗಾರರಿಗೂ ಶಿಕ್ಷಕರಿಗೂ ಎದುರಾಗುವ ಪ್ರಶ್ನೆಯೇ ಇದು. ಅವರಲ್ಲಿ ತಪ್ಪು ಆಯ್ಕೆಯಾದರೆ ಹೆಚ್ಚೆಂದರೆ ಸಮಯವೋ ಹಣವೋ ನಷ್ಟವಾಗಬಹುದು. ಕಡಲಿನಲ್ಲಿ ಜೀವವೇ ಹೋಗುತ್ತದೆ. ಆದ್ದರಿಂದಲೇ ಈ ಪ್ರಶ್ನೆಯನ್ನು ಬೆಂಗ್ರೆಯ ದಡದಲ್ಲಿ ನಿಂತು ನೋಡಿದರೆ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಮೊದಲ ಪತ್ರಿಕೆಯ ಕಾರಣ

ಸಂಪಾದಿಸಿದ ಸುದ್ದಿಗೆ ಕನ್ನಡದಲ್ಲಿ ತವರೂರು ಮಂಗಳೂರೇ. ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಇಲ್ಲಿಂದ 'ಮಂಗಳೂರ ಸಮಾಚಾರ'ವನ್ನು ಹೊರತಂದ. ಕಲ್ಲಚ್ಚಿನಲ್ಲಿ ಮುದ್ರಿತವಾದ ಈ ಪಾಕ್ಷಿಕವೇ ಕನ್ನಡದ ಮೊದಲ ಪತ್ರಿಕೆ. ಊರಿನ ವರ್ತಮಾನ, ಸರಕಾರದ ಆಜ್ಞೆ, ಪರರಾಜ್ಯಗಳ ಸುದ್ದಿ ಅದರಲ್ಲಿರುತ್ತಿದ್ದವು. ಅಂಗಡಿ, ಚಾವಡಿಗಳಲ್ಲಿ ಬಾಯಿಯಿಂದ ಬಾಯಿಗೆ ದಾಟುವ ಸುದ್ದಿ ನಂಬಲರ್ಹವಲ್ಲ ಎಂಬುದು ಪತ್ರಿಕೆ ಹೊರಡಿಸಲು ಆತ ಮುಂದಿಟ್ಟ ಕಾರಣಗಳಲ್ಲಿ ಒಂದಾಗಿತ್ತು. ಅಂದರೆ ಪಟ್ಟಾಂಗದ ದೋಷಕ್ಕೆ ಮದ್ದಾಗಿಯೇ ಪತ್ರಿಕೆ ಹುಟ್ಟಿತು. 1844ರಲ್ಲಿ ಅದು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು. ಜುಲೈ 1 ಇಂದಿಗೂ ರಾಜ್ಯದಲ್ಲಿ ಪತ್ರಿಕಾ ದಿನ.

ಮೊಗ್ಲಿಂಗನ ವಾದದಲ್ಲಿ ಸತ್ಯವಿದೆ. ಆದರೆ ಅದು ಅರ್ಧ ಸತ್ಯ. ಪತ್ರಿಕೆ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದರೆ ಗಾಳಿ ಗಂಟೆಗೊಮ್ಮೆ ತಿರುಗುತ್ತದೆ. ಅಂದು ಬಂದರಿನ ಮಂಜಿಯವನಿಗೆ ಹೊರಡುವ ಮುನ್ನ ಬೇಕಿದ್ದ ಸುದ್ದಿ ಆಗತಾನೇ ದಡಕ್ಕೆ ಬಂದ ಇನ್ನೊಬ್ಬ ಮಂಜಿಯವನಲ್ಲಿ ಇರುತ್ತಿತ್ತೇ ಹೊರತು ಅಚ್ಚುಕೂಟದಲ್ಲಿ ಅಲ್ಲ.

ಕಾಫಿ ಅಂಗಡಿಯಿಂದ ಪತ್ರಿಕೆಗೆ

ಈ ಎರಡು ಬಗೆಗಳು ಪರಸ್ಪರ ಶತ್ರುಗಳಲ್ಲ ಎಂಬುದಕ್ಕೆ ಲಂಡನ್ನಿನ ಒಂದು ಹಳೆಯ ಉದಾಹರಣೆಯಿದೆ. 1680ರ ದಶಕದಲ್ಲಿ ಎಡ್ವರ್ಡ್ ಲಾಯ್ಡ್ ಎಂಬಾತ ಅಲ್ಲಿ ಕಾಫಿ ಅಂಗಡಿಯೊಂದನ್ನು ನಡೆಸುತ್ತಿದ್ದ. ಹಡಗಿನ ಕಪ್ತಾನರು, ಮಾಲೀಕರು, ವಿಮೆ ಬರೆಯುವವರು ಅಲ್ಲಿ ಸೇರುತ್ತಿದ್ದರು. ಯಾವ ಹಡಗು ಎಲ್ಲಿ ತಲುಪಿತು, ಯಾವುದು ಮುಳುಗಿತು, ಎಲ್ಲಿ ಕಡಲ್ಗಳ್ಳರ ಭಯವಿದೆ ಎಂಬುದೇ ಅಲ್ಲಿನ ಮಾತು. ಲಾಯ್ಡ್ 1696ರಲ್ಲಿ 'ಲಾಯ್ಡ್ಸ್ ನ್ಯೂಸ್' ಎಂಬ ಪತ್ರಿಕೆ ಹೊರಡಿಸಿದ. ಸರಕಾರದ ಆಕ್ಷೇಪಕ್ಕೆ ಗುರಿಯಾಗಿ ಅದು ಮರುವರ್ಷವೇ ನಿಂತುಹೋಯಿತು. ಆದರೆ ಪಟ್ಟಾಂಗ ನಿಲ್ಲಲಿಲ್ಲ. ಅದೇ ಮಾತಿನ ಪರಂಪರೆಯಿಂದ 1734ರಲ್ಲಿ 'ಲಾಯ್ಡ್ಸ್ ಲಿಸ್ಟ್' ಮೂಡಿಬಂತು. 2013ರಲ್ಲಿ ಕಾಗದದ ಮುದ್ರಣ ನಿಲ್ಲಿಸಿದ ಈ ಪತ್ರಿಕೆ ಗಣಕಯಂತ್ರದ ಪರದೆಯಲ್ಲಿ ಈಗಲೂ ಬರುತ್ತಿದೆ.

ಇಲ್ಲಿ ಗಮನಿಸಬೇಕಾದದ್ದು ಕ್ರಮ. ಮೊದಲು ಕಸುಬಿನವರ ಮಾತು, ಆಮೇಲೆ ಅದರಲ್ಲಿ ಗಟ್ಟಿಯಾದುದನ್ನು ಹೆಕ್ಕಿದ ಪತ್ರಿಕೆ. ಮಾತೇ ಇಲ್ಲದಿದ್ದರೆ ಸಂಪಾದಕನಿಗೆ ಹೆಕ್ಕಲು ಏನೂ ಇರುತ್ತಿರಲಿಲ್ಲ. ಪತ್ರಿಕೆ ಇಲ್ಲದಿದ್ದರೆ ಆ ಮಾತು ಅಂಗಡಿಯ ಬಾಗಿಲು ದಾಟುತ್ತಿರಲಿಲ್ಲ.

ಒಂದು ಸಂಖ್ಯೆಯ ಪತ್ರಿಕೆ

ನಮ್ಮ ಬಂದರುಗಳಲ್ಲಿ ಸಂಪಾದನೆಯ ಕಟ್ಟಕಡೆಯ ರೂಪವೊಂದು ಬಹುಕಾಲದಿಂದ ಬಳಕೆಯಲ್ಲಿದೆ. ಬಿರುಗಾಳಿಯ ಸಂಭವವಿದ್ದಾಗ ಕಂಬಕ್ಕೆ ಏರಿಸುವ ಸಂಕೇತವೇ ಅದು. ಹಗಲಿನಲ್ಲಿ ಶಂಕು ಮತ್ತು ಉರುಳೆಯಾಕಾರದ ಗುರುತುಗಳು, ರಾತ್ರಿ ಕೆಂಪು ಬಿಳಿ ದೀಪಗಳು. ಒಂದರಿಂದ ಹನ್ನೊಂದರವರೆಗೆ ಸಂಖ್ಯೆಗಳಿವೆ. ಒಂದು ಎಂದರೆ ದೂರದ ಕಡಲಿನಲ್ಲಿ ವಾಯುಭಾರ ಕುಸಿದಿದೆ ಎಂಬ ಮುನ್ನೆಚ್ಚರಿಕೆ. ಮೂರು ಎಂದರೆ ಬಂದರಿಗೇ ಬಿರುಗಾಳಿ ತಟ್ಟಬಹುದು. ಎಂಟರಿಂದ ಹತ್ತರವರೆಗೆ ಮಹಾ ಅಪಾಯ. ನೂರಾರು ಅಳತೆಗಳನ್ನು, ನಕ್ಷೆಗಳನ್ನು ನೋಡಿದ ಅಧಿಕಾರಿ ಕೊನೆಗೆ ದಡಕ್ಕೆ ಕಳುಹಿಸುವುದು ಒಂದೇ ಒಂದು ಸಂಖ್ಯೆ. ಅದನ್ನು ನೋಡಿದವರಿಗೆ ಚರ್ಚೆಗೆ ಎಡೆಯಿಲ್ಲ.

ಇನ್ನು ಹನ್ನೊಂದನೆಯ ಸಂಕೇತದ ಅರ್ಥ ಸ್ವಾರಸ್ಯಕರವಾಗಿದೆ. ಎಚ್ಚರಿಕೆ ಕೇಂದ್ರದೊಡನೆ ಸಂಪರ್ಕವೇ ಕಡಿದುಹೋಗಿದೆ, ಸ್ಥಳೀಯ ಅಧಿಕಾರಿಯ ಅಂದಾಜಿನಂತೆ ಅಪಾಯವಿದೆ ಎಂಬುದೇ ಅದರ ಅರ್ಥ. ಪ್ರಕಟಣೆ ಬಾರದೇ ಹೋಗಬಹುದು ಎಂಬುದನ್ನು ಪ್ರಕಟಣೆಯ ವ್ಯವಸ್ಥೆಯೇ ಒಪ್ಪಿಕೊಂಡು ಅದಕ್ಕೂ ಒಂದು ಸಂಖ್ಯೆ ಇಟ್ಟಿದೆ! ಅಂತಹ ಹೊತ್ತಿನಲ್ಲಿ ಸ್ಥಳದಲ್ಲಿದ್ದವನ ಕಣ್ಣೇ ಗತಿ.

ಉಪಗ್ರಹ ಕಂಡ ಮೀನು

ಅಪಾಯದ ಸುದ್ದಿ ಒಂದು ಬಗೆಯಾದರೆ ಮೀನಿನ ಸುದ್ದಿ ಇನ್ನೊಂದು. ರಾಂಪಣಿ ಬಲೆಯ ಕಾಲದಲ್ಲಿ ಬಂಗುಡೆ, ಬೂತಾಯಿಗಳ ಹಿಂಡು ಬಂದುದನ್ನು ನೀರಿನ ಬಣ್ಣ, ಮೇಲೆ ಹಾರುವ ಹಕ್ಕಿಗಳಿಂದ ಗುರುತಿಸಬಲ್ಲ ಅನುಭವಿಗಳಿದ್ದರು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ರಾಂಪಣಿ ಹಿಂದೆ ಸರಿಯಿತು. ಮೀನು ಹುಡುಕುವ ಹರವೂ ಹಿಗ್ಗಿತು.

1999ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ಇನ್‌ಕಾಯಿಸ್, ಮೀನು ಸಿಗಬಹುದಾದ ವಲಯಗಳ ಸೂಚನೆಯನ್ನು ಕನ್ನಡವೂ ಸೇರಿದಂತೆ ಕರಾವಳಿಯ ಭಾಷೆಗಳಲ್ಲಿ ನೀಡುತ್ತದೆ. ಇದರ ಹಿಂದಿನ ತತ್ವ ಸರಳ. ಬೆಚ್ಚಗಿನ ನೀರು ತಣ್ಣಗಿನ ನೀರನ್ನು ಸಂಧಿಸುವಲ್ಲಿ ಪೋಷಕಾಂಶಗಳು ಮೇಲೆ ಬಂದು ಸೂಕ್ಷ್ಮ ಸಸ್ಯಗಳು ಬೆಳೆಯುತ್ತವೆ. ಅವನ್ನು ತಿನ್ನಲು ಸಣ್ಣ ಜೀವಿಗಳು, ಅವುಗಳ ಬೆನ್ನಿಗೆ ಮೀನುಗಳು ಸೇರುತ್ತವೆ. ಉಪಗ್ರಹಗಳು ಕಡಲ ಮೇಲ್ಮೈಯ ಉಷ್ಣತೆಯನ್ನೂ ನೀರಿನ ಬಣ್ಣದಿಂದ ಪತ್ರಹರಿತ್ತಿನ ಪ್ರಮಾಣವನ್ನೂ ಅಳೆಯುತ್ತವೆ. ಇಂತಹ ದಡದಿಂದ ಇಂತಹ ದಿಕ್ಕಿನಲ್ಲಿ, ಇಷ್ಟು ದೂರದಲ್ಲಿ, ಇಷ್ಟು ಆಳದಲ್ಲಿ ಎಂದು ಸೂಚನೆ ಸಿದ್ಧವಾಗುತ್ತದೆ. ದಿಕ್ಕುಗೆಟ್ಟು ಹುಡುಕುವುದು ತಪ್ಪಿದಷ್ಟೂ ಡೀಸೆಲ್ ಉಳಿಯುತ್ತದೆ.

ಇದರ ಮಿತಿಗಳೂ ಸ್ಪಷ್ಟ. ಮೋಡ ಕವಿದರೆ ಉಪಗ್ರಹಕ್ಕೆ ಕಡಲು ಕಾಣದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವಾಗ ಈ ಸೂಚನೆ ಬರುವುದಿಲ್ಲ. ಆದರೆ ನಾಡದೋಣಿಗಳು ಕಡಲಿಗಿಳಿಯುವುದು ಆ ತಿಂಗಳುಗಳಲ್ಲಿಯೇ. ಮೀನು ಸೇರಬಹುದಾದ ಜಾಗವನ್ನು ಈ ಸೂಚನೆ ತೋರಿಸುತ್ತದೆ. ಅಲ್ಲಿ ಬೂತಾಯಿ ಇದೆಯೋ ಬಂಗುಡೆ ಇದೆಯೋ, ಎಷ್ಟಿದೆ, ಅಡಿಯಲ್ಲಿ ಬಲೆ ಹರಿಯುವ ಕಲ್ಲು ಇದೆಯೇ ಎಂಬುದನ್ನು ಹೇಳದು. ಅದನ್ನು ಹೇಳಬಲ್ಲವನು ನಿನ್ನೆ ಅಲ್ಲಿ ಬಲೆ ಬಿಟ್ಟ ತಾಂಡೇಲ ಮಾತ್ರ.

ವಯರ್‌ಲೆಸ್ ಸೆಟ್ಟಿನ ಮರ್ಯಾದೆ

ಆ ತಾಂಡೇಲನ ಮಾತು ಬರುವುದು ವಯರ್‌ಲೆಸ್ಸಿನಲ್ಲಿ. ಗುಂಡಿ ಒತ್ತಿ ಮಾತನಾಡಿದರೆ ಅದೇ ಚಾನೆಲ್ಲಿನಲ್ಲಿ, ಅಲೆ ತಲುಪುವಷ್ಟು ದೂರದಲ್ಲಿರುವ ಎಲ್ಲ ಬೋಟುಗಳಿಗೂ ಕೇಳುತ್ತದೆ. ಪ್ರಶ್ನೆ ಕೇಳಬಹುದು, ಸಂಶಯ ತೀರಿಸಿಕೊಳ್ಳಬಹುದು, ತಪ್ಪಿದ್ದರೆ ಇನ್ನೊಬ್ಬ ತಿದ್ದಬಹುದು. ಪ್ರಕಟಣೆಯಲ್ಲಿ ಇವಾವುದೂ ಸಾಧ್ಯವಿಲ್ಲ.

ಆದರೆ ಒಂದು ಕಾಲಕ್ಕೆ ಒಬ್ಬನೇ ಮಾತನಾಡಬಹುದಾದ ಚಾನೆಲ್ಲಿನಲ್ಲಿ ಹರಟೆ ತುಂಬಿದರೆ ಆಪತ್ತಿನಲ್ಲಿರುವವನ ಕೂಗಿಗೆ ಜಾಗವಿರದು. 1912ರ ಏಪ್ರಿಲ್ 14ರ ರಾತ್ರಿ ನಡೆದುದು ಇದಕ್ಕೆ ಸಾಕ್ಷಿ. 'ಕ್ಯಾಲಿಫೋರ್ನಿಯನ್' ಹಡಗಿನ ವಯರ್‌ಲೆಸ್ ನೌಕರ ಹಿಮಗಡ್ಡೆಗಳ ನಡುವೆ ತಾವು ನಿಂತಿರುವುದನ್ನು ಹತ್ತಿರದ 'ಟೈಟಾನಿಕ್'ಗೆ ತಿಳಿಸಲು ಹೋದ. ಪ್ರಯಾಣಿಕರ ಖಾಸಗಿ ಸಂದೇಶಗಳನ್ನು ಕಳುಹಿಸುವುದರಲ್ಲಿ ಮುಳುಗಿದ್ದ ಟೈಟಾನಿಕ್‌ನ ನೌಕರ ಅವನನ್ನು ಸುಮ್ಮನಿರಿಸಿದ. ಕ್ಯಾಲಿಫೋರ್ನಿಯನ್‌ನವನು ಸ್ವಲ್ಪ ಹೊತ್ತಿನ ಮೇಲೆ ಯಂತ್ರ ನಿಲ್ಲಿಸಿ ಮಲಗಿದ. ಮುಂದೆ ಟೈಟಾನಿಕ್ ಸಹಾಯಕ್ಕೆ ಕೂಗಿದಾಗ ಕೇಳಿಸಿಕೊಳ್ಳಲು ಅಲ್ಲಿ ಯಾರೂ ಎಚ್ಚರವಿರಲಿಲ್ಲ. ಸಾವಿರದ ಐನೂರಕ್ಕೂ ಹೆಚ್ಚು ಜನ ಮಡಿದರು.

ಕಡಲ ಜನ ಇದರಿಂದ ಪಾಠ ಕಲಿತರು. 1914ರ ಅಂತಾರಾಷ್ಟ್ರೀಯ ಒಪ್ಪಂದ ದೊಡ್ಡ ಹಡಗುಗಳ ವಯರ್‌ಲೆಸ್ ಕಾವಲಿಗೆ ನಿಯಮ ಮಾಡಿತು. ಮುಂದೆ ಪ್ರತಿ ಗಂಟೆಯಲ್ಲಿ ಎರಡು ಸಲ, ಮೂರು ಮೂರು ನಿಮಿಷ, ಆಪತ್ತಿನ ತರಂಗದಲ್ಲಿ ಎಲ್ಲರೂ ಮೌನವಾಗಿ ಕಿವಿಗೊಡಬೇಕೆಂಬ ಪದ್ಧತಿ ಬಂತು. ಹಡಗಿನ ವಯರ್‌ಲೆಸ್ ಕೋಣೆಯ ಗಡಿಯಾರಗಳಲ್ಲಿ ಆ ನಿಮಿಷಗಳಿಗೆ ಕೆಂಪು ಬಣ್ಣ ಬಳಿದಿರುತ್ತಿದ್ದರು. ಇಂದಿನ ವಿಎಚ್‌ಎಫ್ ಸೆಟ್ಟುಗಳಲ್ಲಿ 16ನೇ ಚಾನೆಲ್ ಕರೆಗೂ ಆಪತ್ತಿಗೂ ಮೀಸಲು. ಅಲ್ಲಿ ಕರೆದು, ಮಾತಿಗೆ ಬೇರೆ ಚಾನೆಲ್ಲಿಗೆ ಹೋಗಬೇಕು. ಪಟ್ಟಾಂಗಕ್ಕೆ ಸಂಪಾದಕ ಇಲ್ಲದಿದ್ದರೂ ಮರ್ಯಾದೆ ಬೇಕೆಂಬುದು ಇದರ ಸಾರ.

ಇನ್ನೊಂದು ತೊಡಕು ಮನುಷ್ಯ ಸ್ವಭಾವದ್ದು. ಅಪಾಯದ ಸುದ್ದಿಯನ್ನು ಯಾರೂ ಬಚ್ಚಿಡುವುದಿಲ್ಲ. ಮೀನು ಸಿಕ್ಕಿದ ಜಾಗವನ್ನು ಯಾರೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ನೆಂಟರ, ಪಾಲುದಾರರ ಬೋಟುಗಳೊಳಗೆ ಹಂಚಿಕೆಯಾಗುವ ಮಾತು ಹೊರಗಿನವನಿಗೆ ಸಿಗದು. ಇಂದು ಮಂಗಳೂರಿನ ಬೋಟುಗಳಲ್ಲಿ ದುಡಿಯುವವರಲ್ಲಿ ತಮಿಳುನಾಡು, ಆಂಧ್ರ, ಒಡಿಶಾ, ಜಾರ್ಖಂಡಿನವರೂ ಇದ್ದಾರೆ. ತುಳು, ಬ್ಯಾರಿ ಭಾಷೆಗಳಲ್ಲಿ ನಡೆಯುವ ಪಟ್ಟಾಂಗ ಅವರಿಗೆ ಅರ್ಥವಾಗದು. ಕನ್ನಡದ ಪ್ರಕಟಣೆಯೂ ಅಷ್ಟೇ.

ಬೂತಾಯಿ ಹೇಳಿದ ಲೆಕ್ಕ

ಪಟ್ಟಾಂಗ ಗೆದ್ದ ಸಂದರ್ಭವೊಂದು ನಮ್ಮ ನೆರೆಯಲ್ಲಿಯೇ ಇದೆ. ಕೋಯಿಕ್ಕೋಡ್, ಕಣ್ಣೂರು, ಕಾಸರಗೋಡು ಜಿಲ್ಲೆಗಳ ಕರಾವಳಿಗೆ ಮೊಬೈಲ್ ಸೇವೆ 1997ರಿಂದ 2000ದವರೆಗೆ ಹಂತ ಹಂತವಾಗಿ ಬಂತು. ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಅಲ್ಲಿನ ಬೂತಾಯಿ ಮಾರಾಟವನ್ನು ಆ ವರ್ಷಗಳಲ್ಲಿ ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದರು. 1997ರ ಜನವರಿಯ ಒಂದು ಬೆಳಿಗ್ಗೆ ವಡಗರದಲ್ಲಿ 11 ದೋಣಿಗಳವರು ಕೊಳ್ಳುವವರಿಲ್ಲದೆ ಮೀನು ಚೆಲ್ಲುವ ಸ್ಥಿತಿಯಲ್ಲಿದ್ದರು. ಅಲ್ಲಿಂದ 15 ಕಿಲೋಮೀಟರಿನೊಳಗಿನ ದಡಗಳಲ್ಲಿ 27 ಮಂದಿ ಮೀನು ಸಿಗದೆ ಬರಿಗೈಯಲ್ಲಿ ಹೊರಟಿದ್ದರು. ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಿಳಿದಿರಲಿಲ್ಲ, ಅಷ್ಟೇ.

ಮೊಬೈಲ್ ಬಂದ ಮೇಲೆ ಮೀನುಗಾರರು ಕಡಲಿನಿಂದಲೇ ಬೇರೆ ಬೇರೆ ದಡಗಳ ಬೆಲೆ ವಿಚಾರಿಸತೊಡಗಿದರು. ಹಿಂದೆ ಶೇಕಡಾ 5ರಿಂದ 8ರಷ್ಟು ಮೀನು ಹಾಳಾಗುತ್ತಿದ್ದುದು ಬಹುತೇಕ ನಿಂತಿತು. ಮೀನುಗಾರರ ಲಾಭ ಸರಾಸರಿ ಶೇಕಡಾ 8ರಷ್ಟು ಹೆಚ್ಚಿತು, ಕೊಳ್ಳುವವರ ಬೆಲೆ ಶೇಕಡಾ 4ರಷ್ಟು ಇಳಿಯಿತು. ದಿನಕ್ಕೊಂದು ಧಾರಣೆ ಪಟ್ಟಿಯನ್ನು ಕಚೇರಿಯೊಂದು ಪ್ರಕಟಿಸಿದ್ದರೆ ಈ ಕೆಲಸ ಆಗುತ್ತಿರಲಿಲ್ಲ. ಬೆಳಗಿನ ಆರು ಗಂಟೆಯ ಬೆಲೆ ಏಳಕ್ಕೆ ಉಳಿಯದು. ಅದನ್ನು ತಿಳಿದವರೂ ಒಂದೆಡೆ ಇರುವುದಿಲ್ಲ, ಹತ್ತು ದಡಗಳಲ್ಲಿ ಚದುರಿರುತ್ತಾರೆ.

ಒಖಿ ಕಲಿಸಿದ್ದು

ಆದರೆ 2017ರ ನವೆಂಬರ್ ಕೊನೆಯಲ್ಲಿ ಬೀಸಿದ ಒಖಿ ಚಂಡಮಾರುತ ಎರಡೂ ವ್ಯವಸ್ಥೆಗಳ ತೂತುಗಳನ್ನು ಒಟ್ಟಿಗೆ ತೋರಿಸಿತು. ನವೆಂಬರ್ 30ರಂದು ಅದು ಚಂಡಮಾರುತವೆಂದು ಘೋಷಣೆಯಾಗುವ ಹೊತ್ತಿಗೆ ಕನ್ಯಾಕುಮಾರಿ ಮತ್ತು ಕೇರಳದ ಅನೇಕ ಬೋಟುಗಳು ದಿನಗಟ್ಟಲೆಯ ದುಡಿಮೆಗೆ ಆಳಕಡಲಿಗೆ ಹೋಗಿಬಿಟ್ಟಿದ್ದವು. ಪ್ರಕಟಣೆ ದಡದಲ್ಲಿದ್ದವರಿಗೆ ತಲುಪಿತು, ಕಡಲಿನಲ್ಲಿದ್ದವರಿಗೆ ತಲುಪಲಿಲ್ಲ. ಮೊಬೈಲಿನ ವ್ಯಾಪ್ತಿ ಅಲ್ಲಿಯವರೆಗೆ ಇರಲಿಲ್ಲ. ವಯರ್‌ಲೆಸ್ಸಿನ ವ್ಯಾಪ್ತಿ ಅಕ್ಕಪಕ್ಕದ ಬೋಟುಗಳಿಗಷ್ಟೇ. ಸುದ್ದಿಯೇ ಗೊತ್ತಿಲ್ಲದವರು ಪರಸ್ಪರ ಎಷ್ಟು ಮಾತನಾಡಿದರೂ ಸುದ್ದಿ ಹುಟ್ಟುವುದಿಲ್ಲ. ನೂರಾರು ಮೀನುಗಾರರು ಮರಳಿ ಬರಲಿಲ್ಲ.

ಆ ದುರಂತದ ನಂತರ 2019ರ ಅಕ್ಟೋಬರಿನಲ್ಲಿ 'ಜೆಮಿನಿ' ಎಂಬ ಉಪಕರಣವನ್ನು ಕೇಂದ್ರ ಸರಕಾರ ಹೊರತಂದಿತು. ದಡದಿಂದ 300 ನಾಟಿಕಲ್ ಮೈಲುಗಳವರೆಗೂ ಉಪಗ್ರಹದ ಮೂಲಕ ಎಚ್ಚರಿಕೆಯನ್ನು ಪಡೆದು ಮೀನುಗಾರನ ಮೊಬೈಲಿಗೆ ಅದು ದಾಟಿಸುತ್ತದೆ. ಅದರ ಕೊರತೆಯೆಂದರೆ ಅದು ಕೇಳಿಸುತ್ತದೆ, ಕೇಳಿಸಿಕೊಳ್ಳುವುದಿಲ್ಲ. 'ಎಂಜಿನ್ ಕೆಟ್ಟಿದೆ' ಎಂದು ಅದರಲ್ಲಿ ಹೇಳಲಾಗದು. ಈ ಕೊರತೆ ನೀಗಲು ಇಸ್ರೋದ ತಂತ್ರಜ್ಞಾನದಿಂದ ಎರಡೂ ಕಡೆಗೆ ಸಂದೇಶ ಕಳುಹಿಸಬಲ್ಲ ಟ್ರಾನ್ಸ್‌ಪಾಂಡರ್‌ಗಳನ್ನು ತಯಾರಿಸಲಾಯಿತು. ಅವನ್ನು ದೇಶದ ಒಂದು ಲಕ್ಷ ದೋಣಿಗಳಿಗೆ ಅಳವಡಿಸುವ ಯೋಜನೆಗೆ 2024ರ ಆಗಸ್ಟ್‌ನಲ್ಲಿ ಚಾಲನೆ ದೊರೆಯಿತು. ಪ್ರಕಟಣೆಗೆ ಉತ್ತರ ಕೊಡುವ ಅವಕಾಶ ಬೇಕೆಂಬುದನ್ನು ಆಡಳಿತವೂ ಒಪ್ಪಿಕೊಂಡಂತಾಯಿತು.

ಸುದ್ದಿ ಇಲ್ಲದಾಗ ಗಾಳಿಮಾತು ಆ ಜಾಗವನ್ನು ತುಂಬುತ್ತದೆ. ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟಿನ ಸಂಪರ್ಕ 2018ರ ಡಿಸೆಂಬರ್ 15ರ ನಸುಕಿನಲ್ಲಿ ಕಡಿದುಹೋಯಿತು. ಅದರಲ್ಲಿದ್ದವರು ಏಳು ಮಂದಿ. ಮಹಾರಾಷ್ಟ್ರದ ಮಾಲ್ವಣ ಸಮೀಪದ ಕಡಲ ತಳದಲ್ಲಿ ಬೋಟಿನ ಅವಶೇಷವನ್ನು ನೌಕಾಪಡೆ ಗುರುತಿಸಿದ ಸುದ್ದಿ ಬಂದದ್ದು 2019ರ ಮೇ ತಿಂಗಳಿನಲ್ಲಿ. ನಡುವಿನ ನಾಲ್ಕೂವರೆ ತಿಂಗಳು ಕರಾವಳಿಯಲ್ಲಿ ಹರಡಿದ ಊಹೆಗಳಿಗೆ ಲೆಕ್ಕವಿಲ್ಲ. ಅಪಹರಣವಾಗಿದೆ ಎಂದು ಕೆಲವರು, ಎಲ್ಲೋ ಜೀವಂತವಾಗಿದ್ದಾರೆ ಎಂದು ಕೆಲವರು. ಪ್ರತಿ ಊಹೆಯೂ ಏಳು ಮನೆಗಳ ಬಾಗಿಲನ್ನು ತಟ್ಟಿ ಹೋಯಿತು. ಖಚಿತವಾದುದನ್ನು ಮಾತ್ರ, ಖಚಿತವಾದಷ್ಟೇ ಹೇಳುವ ಒಂದು ದನಿ ಎಷ್ಟು ಅಗತ್ಯ ಎಂಬುದು ಅಂತಹ ದಿನಗಳಲ್ಲಿ ತಿಳಿಯುತ್ತದೆ.

ಆಯ್ಕೆ ಹೇಗೆ?

ಪತ್ರಿಕೆಯವರಾದ ನಾವು ಸಂಪಾದಿಸಿದ ಸುದ್ದಿಯ ಪಕ್ಷ ವಹಿಸುವುದು ಸಹಜ. ಆದರೂ ಮೇಲಿನ ಉದಾಹರಣೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಕೆಲವು ಮಾತುಗಳು ತಾವಾಗಿ ಹೊರಡುತ್ತವೆ.

ಮೊದಲನೆಯದಾಗಿ, ತಿಳಿವಳಿಕೆ ಎಲ್ಲಿದೆ ಎಂದು ನೋಡಬೇಕು. ಚಂಡಮಾರುತದ ತಿಳಿವಳಿಕೆ ಉಪಗ್ರಹದಲ್ಲಿಯೂ ಅದನ್ನು ಓದಬಲ್ಲ ಕೆಲವೇ ತಜ್ಞರಲ್ಲಿಯೂ ಇದೆ. ಅಲ್ಲಿ ಪ್ರಕಟಣೆಯೇ ಸರಿ. ಬೆಲೆ, ಕಲ್ಲು, ಅಳಿವೆಯಲ್ಲಿ ಇಂದು ಮರಳು ಎಲ್ಲಿ ತುಂಬಿದೆ ಎಂಬ ತಿಳಿವಳಿಕೆ ನೂರು ಜನರಲ್ಲಿ ಹಂಚಿಹೋಗಿದೆ. ಅಲ್ಲಿ ಪಟ್ಟಾಂಗವೇ ಸರಿ.

ಎರಡನೆಯದಾಗಿ, ತಪ್ಪಿನ ಬೆಲೆ. ಬೂತಾಯಿಯ ಬೆಲೆಯಲ್ಲಿ ತಪ್ಪಾದರೆ ಒಂದು ದಿನದ ನಷ್ಟ. ಬಿರುಗಾಳಿಯ ಸುದ್ದಿಯಲ್ಲಿ ತಪ್ಪಾದರೆ ಮರುದಿನವೇ ಇಲ್ಲ. ತಪ್ಪು ದುಬಾರಿಯಾದಷ್ಟೂ ಹೆಸರು, ವೇಳೆ, ಹೊಣೆ ಹೊತ್ತ ಸುದ್ದಿಯೇ ಬೇಕು.

ಮೂರನೆಯದಾಗಿ, ದುಡಿಮೆ ಯಾರದು ಎಂಬ ಲೆಕ್ಕ. ಪ್ರಕಟಣೆಯಲ್ಲಿ ಜೊಳ್ಳು ಕಾಳು ಬೇರ್ಪಡಿಸುವವನು ಸಂಪಾದಕ, ಓದುಗನಿಗೆ ಬಿಡುವು. ಪಟ್ಟಾಂಗದಲ್ಲಿ ಸಂಪಾದಕನಿಗೆ ಸಂಬಳ ಉಳಿಯುತ್ತದೆ ನಿಜ, ಆದರೆ ಗಾಳಿಸುವ ಕೆಲಸ ಕೇಳುವ ಪ್ರತಿಯೊಬ್ಬನ ತಲೆಯ ಮೇಲೆ ಬರುತ್ತದೆ. ಗಾಳಿಸಲು ಅನುಭವ ಬೇಕು. ಮೂವತ್ತು ವರ್ಷ ದುಡಿದ ತಾಂಡೇಲ ಯಾರ ಮಾತನ್ನು ಎಷ್ಟು ನಂಬಬೇಕೆಂದು ದನಿಯಲ್ಲೇ ಗುರುತಿಸಬಲ್ಲ. ಈ ವರ್ಷ ಬೋಟು ಹತ್ತಿದ ಹುಡುಗನಿಗೆ ಎಲ್ಲ ದನಿಗಳೂ ಒಂದೇ.

ಕೊನೆಯದಾಗಿ, ಇವೆರಡರ ನಡುವೆ ಸೇತುವೆಯೊಂದಿರಬೇಕು. ಎಚ್ಚರಿಕೆಯ ಪ್ರಕಟಣೆಯನ್ನು ದಡದಲ್ಲಿ ಯಾರಾದರೂ ಓದಿ, ತುಳುವಿನಲ್ಲೋ ಬ್ಯಾರಿಯಲ್ಲೋ ಹಿಂದಿಯಲ್ಲೋ ವಯರ್‌ಲೆಸ್ಸಿಗೆ ಹಾಕಿ, 'ತಲುಪಿತೇ' ಎಂದು ಕೇಳಿ ಉತ್ತರ ಪಡೆದಾಗಲೇ ಅದು ಪೂರ್ತಿಯಾಗುವುದು. ಹಾಗೆಯೇ ಕಡಲಿನಲ್ಲಿ ಕಂಡ ಅಸಹಜ ಅಲೆ, ಗಾಳಿಗಳ ಮಾತು ಮೇಲಿನ ಕಚೇರಿಗೆ ತಲುಪಿದರೆ ಮುಂದಿನ ಪ್ರಕಟಣೆ ಹೆಚ್ಚು ಸರಿಯಾಗುತ್ತದೆ. ಕರಾವಳಿ ಕಾವಲು ಪಡೆಯ 1554 ಸಂಖ್ಯೆಗೆ ಕರೆ ಮಾಡುವವನು ಈ ಸೇತುವೆಯ ಮೇಲೆಯೇ ನಡೆಯುತ್ತಾನೆ.

ಸಂಜೆ ಬೆಂಗ್ರೆಯ ದಡದಲ್ಲಿ ನಿಂತರೆ ಹಳೆ ಬಂದರಿನಿಂದ ಹೊರಟ ಬೋಟುಗಳು ಅಳಿವೆ ಬಾಗಿಲಿನತ್ತ ಸಾಲಾಗಿ ಸಾಗುವುದು ಕಾಣುತ್ತದೆ. ಕೆಲವು ಎಂಟು ಹತ್ತು ದಿನ ಮರಳುವುದಿಲ್ಲ. ಮೊಬೈಲಿನ ಸಂಪರ್ಕ ಕಡಿಯುವವರೆಗೆ ಮನೆಯವರ ಮಾತು, ಆಮೇಲೆ ವಯರ್‌ಲೆಸ್ಸಿನಲ್ಲಿ ಜತೆಯ ಬೋಟುಗಳ ಮಾತು. ಅದರಾಚೆಗೆ ಎಲ್ಲೋ ದೂರದ ಕಚೇರಿಯಲ್ಲಿ ಯಾರೋ ನಕ್ಷೆ ನೋಡಿ ಬರೆಯುವ ನಾಲ್ಕು ಸಾಲು. ಬೋಟಿನಲ್ಲಿರುವವರಿಗೆ ಈ ಮೂರೂ ಬೇಕು. ಯಾವುದು ಯಾವಾಗ ಎಂಬುದನ್ನು ಬಲ್ಲ ತಾಂಡೇಲನೂ ಬೇಕು.